ಕೆಲಸ ಮುಗಿದ ಮನೆಯ ಊಟ

ಮರಗೆಲಸದ ಮೇಸ್ತ್ರಿ ತಮ್ಮ ಮನೆಯ ಮುಂಬಾಗಿಲನ್ನು ದಿನಾ ಕೀಸುತ್ತಾರೆ ಎಂಬುದು ಮೊದಮೊದಲು ಬೀದಿಯವರಿಗೆಲ್ಲ ನಗೆಯ ಮಾತಾಗಿತ್ತು. ಬೆಳಿಗ್ಗೆ ಎದ್ದವರೇ ಕದವನ್ನೊಮ್ಮೆ ಎಳೆದು, ಒಮ್ಮೆ ನೂಕಿ, 'ಹಿಡೀತಾ ಇದೆ' ಎಂದು ಗೊಣಗಿ, ಕೀಸುಳಿ ತಂದು ಅಂಚನ್ನು ಎರಡು ಸಲ ಕೀಸಿ, ಬಿದ್ದ ಹೊಟ್ಟು ಗುಡಿಸಿ ಒಳಗೆ ಹೋಗುವರು. ಹಿಡಿಯದ ಬಾಗಿಲು ಮರುದಿನ ಬೆಳಿಗ್ಗೆ ಅವರ ಪಾಲಿಗೆ ಮತ್ತೆ ಹಿಡಿಯುತ್ತಿತ್ತು. ಹೀಗೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕದಕ್ಕೂ ಚೌಕಟ್ಟಿಗೂ ನಡುವೆ ಬೆಕ್ಕು ತಲೆ ತೂರಿಸುವಷ್ಟು ಸಂದು ಬಿತ್ತು. ಚಿಲಕ ಸರಿಸಿದರೆ ಅದರ ಮೂತಿ ಎದುರಿನ ತೂತನ್ನು ಮುಟ್ಟುತ್ತಲೇ ಇರಲಿಲ್ಲ. ಚಿಲಕ ಬೀಳದ ಬಾಗಿಲಿನಿಂದ ಮೇಸ್ತ್ರಿ ಹೊರಗೆ ನಡೆಯತೊಡಗಿದ ಮೇಲೆ ನಗುತ್ತಿದ್ದವರೂ ಸುಮ್ಮನಾದರು.

ಆ ಮನೆಯಲ್ಲಿದ್ದವರು ಇಬ್ಬರೇ, ಮೇಸ್ತ್ರಿ ಮತ್ತು ಅವರ ತೀರಿಹೋದ ಹೆಂಡತಿಯ ತಮ್ಮ. ಅಕ್ಕನ ಮನೆಗೆ ಒಂದು ವಾರ ಇದ್ದು ಹೋಗಲು ಬಂದ ಮೈದುನ ಮದುವೆ ಮಕ್ಕಳು ಎನ್ನದೆ ಅಲ್ಲೇ ಉಳಿದುಬಿಟ್ಟಿದ್ದ. ನಲವತ್ತೊಂದು ವರ್ಷ ದೊಡ್ಡ ಗರಗಸದ ಒಂದು ತುದಿಯನ್ನು ಮೇಸ್ತ್ರಿ ಹಿಡಿದರೆ ಇನ್ನೊಂದು ತುದಿಯಲ್ಲಿ ಅವನಿದ್ದ. ಮೇಸ್ತ್ರಿ ಹೋದಲ್ಲೆಲ್ಲ ಉಳಿ ಸುತ್ತಿಗೆಗಳ ಚೀಲ ಹೊತ್ತು ಹಿಂದೆ ಹೋಗುವವನಾದ್ದರಿಂದ ಊರು ಅವನಿಗೆ ಬಾಲಂಗೋಚಿ ಎಂದು ಹೆಸರಿಟ್ಟಿತ್ತು. ಅವನಿಗದರಿಂದ ಬೇಸರವಿರಲಿಲ್ಲ. "ನಾನು ಕಿತ್ತುಕೊಂಡರೆ ಪಟ ಗೋತಾ ಹೊಡೆಯುತ್ತೆ, ನೋಡ್ತಿರಿ" ಎಂದು ತಾನೇ ನಗುತ್ತಿದ್ದ.

ಮೊದಲ ಸಲ ಮನೆ ಬಿಟ್ಟು ಹೋದಾಗ ಮೇಸ್ತ್ರಿ ಸಿಕ್ಕಿದ್ದು ಪಕ್ಕದೂರಿನ ಒಂದು ಅಂಗಳದಲ್ಲಿ. ಮೂವತ್ತು ವರ್ಷದ ಹಿಂದೆ ಅಟ್ಟ ಕಟ್ಟಿಕೊಟ್ಟ ಆ ಮನೆಯ ಮುಂದೆ ನಿಂತು, ಮರ ಇನ್ನೂ ಯಾಕೆ ಇಳಿಸಿಲ್ಲ ಎಂದು ಮನೆಯವರಿಗೆ ಗದರುತ್ತಿದ್ದರು. ಎರಡನೇ ಸಲ ಕಾಲುವೆಯಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದರು. ಅವರನ್ನು ದಡಕ್ಕೆಳೆಯುವಾಗ ಮೈದುನನ ಬೆನ್ನಿನೊಳಗೆ ಏನೋ ಚಟ್ಟೆಂದಿತು. ಅಂದಿನಿಂದ ಅವನು ಕೊಡ ಎತ್ತಲಾರದವನಾದ. ಹಾಸಿಗೆ ಒದ್ದೆ ಮಾಡಿಕೊಂಡ ಮೇಸ್ತ್ರಿಯನ್ನು ಎಬ್ಬಿಸಿ ಬಟ್ಟೆ ಬದಲಿಸುವುದು ಒಂದು ಹೊತ್ತಿನ ಕೆಲಸವಾಯಿತು.

ಮೇಸ್ತ್ರಿಯ ಮಗಳು ಪಟ್ಟಣದಲ್ಲಿದ್ದಳು. ಬಟ್ಟೆ ಗಿರಣಿಯಲ್ಲಿ ಪಾಳಿ ಕೆಲಸ, ಎರಡು ಕೋಣೆಯ ಮನೆ, ಅದರಲ್ಲಿ ಐದು ಜನ. ಕಾಲುವೆಯ ಸುದ್ದಿ ಕೇಳಿ ಓಡಿಬಂದವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಪಟ್ಟಣದಂಚಿನಲ್ಲಿ ಮರೆವಿನವರನ್ನೇ ಇಟ್ಟುಕೊಂಡು ನೋಡುವ ಒಂದು ಮನೆಯಿದೆ ಎಂದಳು.

"ಹದಿನೆಂಟು ಜನ ಇದಾರೆ ಮಾವ. ನಾನು ಹೋಗಿ ನೋಡಿದೆ. ಚೊಕ್ಕಟವಾಗಿದೆ. ನೀನೇ ಗೋಡೆ ಹಿಡ್ಕೊಂಡು ಓಡಾಡ್ತಾ ಇದೀಯ. ಇನ್ನೊಂದು ಸಲ ಅಪ್ಪ ನೀರಿಗಿಳಿದ್ರೆ ಇಬ್ಬರನ್ನೂ ಎತ್ತಬೇಕಾಗುತ್ತೆ."

"ಎತ್ತೋರಿಗೆ ಒಂದೇ ಸಲಕ್ಕೆ ಮುಗಿಯುತ್ತಲ್ಲ."

"ಹೀಗೆಲ್ಲ ಮಾತಾಡ್ಬೇಡ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಆದರೆ ಅಪ್ಪ ಬರಬೇಕಲ್ಲ. ಆಸ್ಪತ್ರೆ ಅಂದ್ರೆ ಬರಲ್ಲ. ನಮ್ಮನೆಗೆ ಅಂದ್ರೂ ಬರಲ್ಲ."

ಮೈದುನ ಒಲೆಯ ಉರಿ ಸರಿಮಾಡಿದ. "ಕೆಲಸ ಇದೆ ಅಂದ್ರೆ ಬರ್ತಾರೆ" ಎಂದ.

ಆ ಮಾತು ಅವನ ಬಾಯಿಂದಲೇ ಬಂದದ್ದು. ಮುಂದೆ ಅದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿರಲಿಲ್ಲ.

ಸಂಜೆ ಮೇಸ್ತ್ರಿಯ ಪಕ್ಕ ಕೂತು ಸುದ್ದಿ ತೆಗೆದ. "ಭಾವ, ಪಟ್ಟಣದ ಹತ್ತಿರ ಒಂದು ದೊಡ್ಡ ಮನೆ. ಕುರ್ಚಿಗಳೆಲ್ಲ ಮುರಿದು ಬಿದ್ದಿವೆಯಂತೆ. ನಿಮ್ಮನ್ನೇ ಕೇಳಿದ್ರು."

ಮೇಸ್ತ್ರಿಯ ಕಣ್ಣು ಚುರುಕಾಯಿತು. "ಎಷ್ಟು ದಿನದ್ದು?"

"ನೋಡ್ಬೇಕು."

"ನೋಡದೆ ಒಪ್ಕೊಂಡ್ಯಾ? ನಿನ್ನ ತಲೆಯೊಳಗೆ ಮರದ ಹೊಟ್ಟು ಬಿಟ್ರೆ ಏನೂ ಇಲ್ಲ ಕಣೋ."

ಅಂಗಿಯ ಯಾವ ತೋಳಿಗೆ ಯಾವ ಕೈ ಎಂದು ತಿಳಿಯದವರು ಮರುದಿನ ತಾವೇ ಚೀಲ ಕಟ್ಟಿದರು. ಉಳಿಗಳನ್ನು ಅಗಲದ ಪ್ರಕಾರ ಜೋಡಿಸಿ, ಒಂದೊಂದರ ಬಾಯಿಗೂ ಚಿಂದಿ ಸುತ್ತಿ, ಅವುಗಳ ಮೇಲೆ ಕೀಸುಳಿ, ಬದಿಗೆ ಮೂಲೆಮಟ್ಟ, ಕಿವಿಯ ಮೇಲೆ ಪೆನ್ಸಿಲು. ಒಂದನ್ನೂ ಮರೆತಿರಲಿಲ್ಲ. ಮೈದುನ ಬಾಗಿಲ ಬಳಿ ನಿಂತು ನೋಡಿ, ಇವರಿಗೆ ಏನಾಗಿದೆ ಅಂತ ಕಳಿಸುತ್ತಿದ್ದೇವೆ ಎಂದು ಒಂದು ಕ್ಷಣ ಗಾಬರಿಯಾದ.

ಆ ಮನೆಯಲ್ಲಿ ಉದ್ದನೆಯ ಒಂದು ಪಡಸಾಲೆ, ಎರಡೂ ಕಡೆ ಗೋಡೆಗುಂಟ ಹಿಡಿದು ನಡೆಯಲು ಮರದ ಪಟ್ಟಿ, ಫಿನಾಯಿಲಿನ ವಾಸನೆ. ಬಾಗಿಲುಗಳ ಚಿಲಕ ಕೈಗೆಟುಕದಷ್ಟು ಮೇಲಿದ್ದವು. ಹಿಂದೆ ಬಸ್ಸಿನ ಕಂಡಕ್ಟರಾಗಿದ್ದ ಮುದುಕನೊಬ್ಬ ಪಡಸಾಲೆಯ ನಡುವೆ ನಿಂತು ಬಂದವರನ್ನೆಲ್ಲ ಸಾಗಹಾಕುತ್ತಿದ್ದ. "ಮುಂದೆ ಹೋಗಿ, ಮುಂದೆ ಜಾಗ ಇದೆ. ಬಾಗಿಲಲ್ಲಿ ನಿಂತ್ರೆ ಹೇಗೆ?" ಮೇಸ್ತ್ರಿ ಅವನಿಗೆ ದಾರಿ ಬಿಟ್ಟು ಮೈದುನನ ಕಿವಿಯಲ್ಲಿ ಹೇಳಿದರು, "ಈ ಮನೆಗೆ ನೆಂಟರು ಜಾಸ್ತಿ ಕಣೋ. ಕುರ್ಚಿ ಮುರಿಯದೆ ಏನಾಗುತ್ತೆ?"

ಆ ಮನೆಯ ಉಸ್ತುವಾರಿ ಒಬ್ಬ ನರ್ಸಮ್ಮನದು. ಗಟ್ಟಿ ದನಿಯ, ಸುಮ್ಮನೆ ಮಾತು ಬೆಳೆಸದ ಹೆಂಗಸು. ಅಡುಗೆಮನೆಯ ಹಿಂದಿನ ಉಗ್ರಾಣ ತೆರೆದು ತೋರಿಸಿದಳು. ಒಂದರ ಮೇಲೊಂದು ಇಪ್ಪತ್ತೇಳು ಕುರ್ಚಿಗಳಿದ್ದವು. ಕೆಲವಕ್ಕೆ ಕಾಲಿಲ್ಲ, ಕೆಲವಕ್ಕೆ ಬೆನ್ನಿಲ್ಲ. "ನಾನು ಇಲ್ಲಿಗೆ ಬರೋ ಮುಂಚಿನಿಂದ ಬಿದ್ದಿವೆ. ನಿಜವಾಗ್ಲೂ ಮಾಡ್ತಾರಾ?" ಎಂದು ಮೈದುನನನ್ನು ಕೇಳಿದಳು.

"ನೀವೇ ನೋಡ್ತೀರಲ್ಲ."

"ಹಾಗಾದ್ರೆ ಒಂದು ಮಾತು. ಚೀಲ ನನ್ನ ಬೀರುವಿನಲ್ಲಿರುತ್ತೆ. ನೀವು ಬಂದಾಗ ಕೊಡ್ತೀನಿ, ಹೋಗುವಾಗ ಎಣಿಸಿ ತಗೋತೀನಿ. ನೀವಿಲ್ಲದೆ ಉಳಿ ಮುಟ್ಟೋ ಹಾಗಿಲ್ಲ."

ಹಾಗೆ ಮೈದುನ ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳತೊಡಗಿದ. ದೂರದ ಕೆಲಸವೆಂದರೆ ಕೆಲಸದ ಮನೆಯಲ್ಲೇ ಮಲಗುವುದು ಮೇಸ್ತ್ರಿಗೆ ಹೊಸದಲ್ಲ, ಅವರು ತಕರಾರೆತ್ತಲಿಲ್ಲ. ಹಿತ್ತಿಲಿನ ಕಟ್ಟೆಯ ಮೇಲೆ ಕೂತು ಕುರ್ಚಿಯ ಕಾಲನ್ನು ತೂತಿಗೆ ಕೂರಿಸಿ, ತುದಿಯ ಸೀಳಿಗೆ ತೆಳ್ಳನೆಯ ಬೆಣೆಯಿಟ್ಟು ಮೂರು ಏಟು ಹಾಕುವರು. ಮೊದಲನೆಯದು ಮೆಲ್ಲಗೆ, ಎರಡನೆಯದು ಗಟ್ಟಿಯಾಗಿ, ಮೂರನೆಯದು ಬರಿಯ ತಟ್ಟುವಿಕೆ. ಆಮೇಲೆ ಕುರ್ಚಿಯನ್ನು ಬೋರಲು ಹಾಕಿ ಕೂರುಹಲಗೆಯ ಅಡಿಯಲ್ಲಿ ಪೆನ್ಸಿಲಿನಿಂದ ಮೂರು ಗೀಟು. ಅದು ಅವರ ಗುರುತು. ಇದು ನನ್ನ ಕೈಯಿಂದ ಹೋಗಿದೆ, ಹೆಚ್ಚುಕಡಿಮೆಯಾದರೆ ನನ್ನನ್ನು ಕೇಳಿ ಎಂದು ಅರ್ಥ. ಮಧ್ಯಾಹ್ನದ ಗಂಟೆ ಹೊಡೆದಾಗ ಎದ್ದು ಹೋಗಿ ಹೊಟ್ಟೆ ತುಂಬ ಉಂಡು ಬರುವರು. ಎರಡು ವಾರಕ್ಕೆ ಅವರ ಕೆನ್ನೆ ತುಂಬಿಕೊಂಡಿತು. ಮಗಳು ಬಂದು ನೋಡಿ, "ಮಾವ, ನೀನು ಹೇಳಿದ್ದೇ ಸರಿ" ಎಂದಳು. ಮೈದುನನಿಗೂ ಹಾಗೇ ಅನ್ನಿಸಿತ್ತು.

ಹದಿನೈದನೆಯ ದಿನ ಇಪ್ಪತ್ತೇಳನೆಯ ಕುರ್ಚಿ ಮುಗಿಯಿತು.

ಮೇಸ್ತ್ರಿ ಉಳಿಗಳನ್ನು ಒರೆಸಿ ಸುತ್ತಿಟ್ಟರು. ಕೈಕಾಲು ತೊಳೆದರು. ಗೇಟಿನ ಪಕ್ಕದ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟು ಕೂತು, "ನಡಿಯೋ" ಎಂದರು. ಊಟದ ಗಂಟೆ ಹೊಡೆಯಿತು. ಅವರು ಏಳಲಿಲ್ಲ.

ಮೇಸ್ತ್ರಿಯ ಒಂದು ನೇಮವನ್ನು ಮೈದುನ ಮರೆತೇಬಿಟ್ಟಿದ್ದ. ಕೆಲಸ ನಡೆಯುವ ತನಕ ಆ ಮನೆಯ ಅನ್ನ ತಮ್ಮದು. ಕೆಲಸ ಮುಗಿದ ಮೇಲೆ ಅಲ್ಲಿ ಒಂದು ತುತ್ತೂ ಉಣ್ಣುವಂತಿಲ್ಲ. ಇದನ್ನು ಅವರಿಗೆ ಅವರಪ್ಪ ಕಲಿಸಿದ್ದಂತೆ. ಎಲೆಯ ಮುಂದೆ ಕೂರಿಸಿ ಕೈ ಮುಗಿದವರನ್ನೂ ಬಿಟ್ಟು, ಬಿರುಬಿಸಿಲಿನಲ್ಲಿ ಹಸಿದುಕೊಂಡು ಮೂರು ಹರಿದಾರಿ ನಡೆದವರು ಅವರು. ಹಸಿವು ತಡೆಯಲಾರದ ಮೈದುನ ಹರೆಯದಲ್ಲಿ ಒಂದು ಉಪಾಯ ಕಂಡುಕೊಂಡಿದ್ದ. ಕೊನೆಯ ಮೊಳೆಯೊಂದನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು, ಊಟ ಬಡಿಸಿ ಆದ ಮೇಲೆ, "ಅಯ್ಯೋ, ಒಂದು ಉಳಿದಿದೆ" ಎಂದು ತೆಗೆಯುತ್ತಿದ್ದ. ಮೇಸ್ತ್ರಿ ಕಿವಿ ಹಿಂಡಿದರೂ ಉಣ್ಣುತ್ತಿದ್ದರು.

ಅಂದು ರಾತ್ರಿ ಮೇಸ್ತ್ರಿ ಉಣ್ಣಲಿಲ್ಲ. ಮರುದಿನವೂ ಇಲ್ಲ. ನಲ್ಲಿಗೆ ಬಾಯೊಡ್ಡಿ ನೀರು ಕುಡಿದು ಮತ್ತೆ ಬೆಂಚಿಗೆ ಬರುವರು. ಚಮಚ ಹಿಡಿದು ಬಂದವರಿಗೆ ನಯವಾಗಿಯೇ, "ಬೇಡ ತಾಯಿ, ಕೆಲಸ ಮುಗಿದಿದೆ" ಎನ್ನುವರು. ಬಲವಂತ ಮಾಡಿದರೆ ಹಲ್ಲು ಕಚ್ಚುವರು. ಮೂರನೆಯ ದಿನ ನಲ್ಲಿಯವರೆಗೂ ಗೋಡೆ ಹಿಡಿದೇ ಹೋಗಬೇಕಾಯಿತು.

ನರ್ಸಮ್ಮ ಮೈದುನನನ್ನು ಒಳಗೆ ಕರೆದಳು. "ನಾಳೆ ಸಂಜೆಯೊಳಗೆ ಏನಾದ್ರೂ ತಿನ್ನಬೇಕು. ಇಲ್ಲಾಂದ್ರೆ ಕರ್ಕೊಂಡು ಹೋಗಿ. ಮೂಗಿಗೆ ನಳಿಗೆ ಹಾಕೋ ಸೌಕರ್ಯ ನಮ್ಮಲ್ಲಿಲ್ಲ, ಇದ್ರೂ ನಾನು ಹಾಕಲ್ಲ."

ಎಲ್ಲಿಗೆ ಕರೆದುಕೊಂಡು ಹೋಗುವುದು? ಚಿಲಕ ಬೀಳದ ಬಾಗಿಲಿಗೆ, ಕಾಲುವೆಗೆ, ಬಗ್ಗಲಾರದ ತನ್ನ ಸೊಂಟಕ್ಕೆ. ಮಧ್ಯಾಹ್ನ ಎಲ್ಲರೂ ಮಲಗಿದ್ದ ಹೊತ್ತಿನಲ್ಲಿ ಮೈದುನ ಊಟದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಒಂದು ಕುರ್ಚಿಯನ್ನು ಬೋರಲು ಹಾಕಿದ. ಉಪ್ಪುಕಾಗದದಿಂದ ಉಜ್ಜಿ ಮೂರು ಗೀಟುಗಳನ್ನು ಅಳಿಸಿದ. ಆಮೇಲೆ ಸಣ್ಣ ಉಳಿಯಿಂದ ಬೆಣೆಯನ್ನು ಕೆದಕತೊಡಗಿದ. ಅದು ಸುಲಭಕ್ಕೆ ಬರಲಿಲ್ಲ. ನಿನ್ನೆಯ ಮಾತು ನೆನಪಿಲ್ಲದ ಮನುಷ್ಯ ಹೊಡೆದ ಬೆಣೆ ಮರದೊಳಗೆ ಮರವಾಗಿ ಕೂತಿತ್ತು. ನಾಲ್ಕು ಕುರ್ಚಿ ಬಿಚ್ಚುವಷ್ಟರಲ್ಲಿ ಅವನ ಅಂಗಿ ಬೆನ್ನಿಗಂಟಿತು. ನಲವತ್ತೊಂದು ವರ್ಷದಲ್ಲಿ ಅವನು ಭಾವನ ಕೆಲಸ ಕೆಡಿಸಿದ್ದು ಅದೇ ಮೊದಲು.

"ಭಾವ, ನಾಲ್ಕು ಕುರ್ಚಿ ಉಳಿದುಬಿಟ್ಟಿವೆ" ಎಂದು ಬೆಂಚಿನ ಬಳಿ ಬಂದು ಹೇಳಿದ.

"ಎಣಿಸೋಕೂ ಬರಲ್ಲ ನಿನಗೆ" ಎಂದು ಮೇಸ್ತ್ರಿ ಎದ್ದರು. ಆ ಸಂಜೆ ಎರಡು ಸಲ ಬಡಿಸಿಕೊಂಡು ಉಂಡರು.

ಅಲ್ಲಿಂದ ಅದೊಂದು ದಿನಚರಿಯಾಯಿತು. ಬೆಳಿಗ್ಗೆ ಭಾವ ಕೂರಿಸಿದ್ದನ್ನು ಮಧ್ಯಾಹ್ನ ಮೈದುನ ಬಿಚ್ಚುತ್ತಿದ್ದ. ನರ್ಸಮ್ಮ ಕಂಡೂ ಕಾಣದ ಹಾಗೆ ಇದ್ದುಬಿಟ್ಟಳು. "ಹೀಗೆ ಎಷ್ಟು ದಿನ ಮಾವ?" ಎಂದು ಮಗಳು ಕೇಳಿದಾಗ, "ಇಪ್ಪತ್ತೇಳು ಕುರ್ಚಿ ಇವೆಯಲ್ಲ, ಸುತ್ತು ಹೊಡೀತಾ ಇರ್ತೀನಿ" ಎಂದ. ಬಸ್ಸಿನಲ್ಲಿ ಮನೆಗೆ ಮರಳುವಾಗ ತನ್ನ ಬೆರಳುಗಳನ್ನು ನೋಡಿಕೊಳ್ಳಲು ಅವನಿಗೆ ಮನಸ್ಸಾಗುತ್ತಿರಲಿಲ್ಲ.

ಹೀಗೆ ಬಿಚ್ಚತೊಡಗಿದ ಹನ್ನೊಂದನೆಯ ದಿನ ಮೋಡ ಕವಿದು ದೀಪವೂ ಹೋಗಿತ್ತು. ಮಬ್ಬಿನಲ್ಲಿ ಕುರ್ಚಿಗಳ ಅಡಿ ಸರಿಯಾಗಿ ಕಾಣುತ್ತಿರಲಿಲ್ಲ. ಮೈದುನ ಅಂದಾಜಿನ ಮೇಲೆ ಉಪ್ಪುಕಾಗದ ಆಡಿಸಿ ನಾಲ್ಕು ಕುರ್ಚಿಗಳ ಬೆಣೆ ತೆಗೆದು ಬಸ್ಸು ಹಿಡಿದ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಮೊದಲ ಕುರ್ಚಿಯನ್ನು ಬೋರಲು ಹಾಕಿದವರು ಹಾಗೇ ಕೂತರು. ಹೆಬ್ಬೆರಳಿನಿಂದ ಹಲಗೆಯನ್ನು ಮುಟ್ಟಿದರು. ಕಾಲನ್ನು ಹಿಡಿದು ಅಲ್ಲಾಡಿಸಿದರು. ಅದು ಸಡಿಲ ಹಲ್ಲಿನಂತೆ ಆಡಿತು.

"ಇದು ನನ್ನ ಗುರುತಲ್ವೇನೋ?"

ಮೈದುನ ಉಪ್ಪುಕಾಗದವನ್ನು ಜೇಬಿಗೆ ತುರುಕಿಕೊಂಡ.

"ನನ್ನದೇ. ನಾನೇ ಕೂರಿಸಿದ್ದು." ಮೇಸ್ತ್ರಿ ಮತ್ತೊಮ್ಮೆ ಅಲ್ಲಾಡಿಸಿದರು. "ನನ್ನ ಬೆಣೆ ಬಿದ್ದುಹೋಗಿದೆ. ಯಾರಾದ್ರೂ ಕೂತಿದ್ರಾ ಇದರ ಮೇಲೆ? ಯಾರಾದ್ರೂ ಬಿದ್ರಾ?"

"ಇಲ್ಲ ಭಾವ, ಯಾರೂ ಬಿದ್ದಿಲ್ಲ."

"ಮುದುಕರು ಕೂರೋ ಕುರ್ಚಿ ಇದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೈಯಲ್ಲಿದ್ದ ಉಳಿಯ ಬಾಯಿಗೆ ನಿಧಾನವಾಗಿ ಚಿಂದಿ ಸುತ್ತಿದರು. "ಕೈ ಹೋಯ್ತು ಕಣೋ. ತಲೆ ಹೋಗಿದೆ ಅಂತ ಎಲ್ಲರೂ ಪಿಸುಪಿಸು ಅನ್ನೋದು ನನಗೆ ಗೊತ್ತಿತ್ತು. ಕೈ ಇದೆಯಲ್ಲ ಅಂತ ಇದ್ದೆ."

ಮೈದುನ ಅವರ ಮುಂದೆ ನೆಲಕ್ಕೇ ಕೂತ. ಸೊಂಟ ಉರಿದದ್ದು ಗೊತ್ತಾಗಲಿಲ್ಲ. "ಭಾವ, ಕೇಳಿ. ನಿಮ್ಮ ಬೆಣೆ ಬಿದ್ದಿಲ್ಲ. ನಾನು ತೆಗೆದೆ. ನಿಮಗೆ ಕೆಲಸ ಇರ್ಲಿ, ನೀವು ಉಣ್ಲಿ ಅಂತ ದಿನಾ ನಾನೇ ಬಿಚ್ತಾ ಇದ್ದೆ."

ಮೇಸ್ತ್ರಿ ಅವನ ಮುಖ ನೋಡಿದರು. ಎಷ್ಟೋ ತಿಂಗಳಿಂದ ಅವರು ಹಾಗೆ ನೋಡಿರಲಿಲ್ಲ. "ನೀನು ಹೀಗೇ" ಎಂದರು. "ಆ ಅಕ್ಕಿ ಗಿರಣಿಯವರ ಮಹಡಿ ಮೆಟ್ಟಿಲು ಅಳತೆ ತಪ್ಪಿದಾಗ್ಲೂ ಹೀಗೇ ಮಾಡಿದೆ. ತಪ್ಪಿದ್ದು ನಾನು. ನೀನು ಮುಂದೆ ಹೋಗಿ ನಿಂತು, ನಾನು ಕೊಯ್ದೆ ಅಂತ ಬೈಸಿಕೊಂಡೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?"

"ಅದು ಬೇರೆ ಭಾವ. ಇದು ನಿಜ. ನೋಡಿ." ಮೈದುನ ಪಕ್ಕದ ಗಟ್ಟಿ ಕುರ್ಚಿಯೊಂದನ್ನು ಎಳೆದುಕೊಂಡು ಸಣ್ಣ ಉಳಿಯಿಂದ ಬೆಣೆ ಕೆದಕಿದ. ಉಳಿ ಜಾರಿ ಮರದ ಮೇಲೆ ಬಿಳಿ ಗೀರು ಎದ್ದಿತು. "ಹೀಗೆ ತೆಗೀತಿದ್ದೆ. ಹೀಗೆ."

ಮೇಸ್ತ್ರಿ ಅವನ ಮಣಿಕಟ್ಟು ಹಿಡಿದರು. "ಸಾಕು ಬಿಡು. ನನ್ನ ಮಾನ ಉಳಿಸೋಕೆ ಒಳ್ಳೇ ಕುರ್ಚಿ ಯಾಕೆ ಹಾಳು ಮಾಡ್ತೀಯ?"

ಕೆಲಸವಿದೆ ಎಂದಾಗ ಮರುಮಾತಿಲ್ಲದೆ ನಂಬಿದ್ದರು. ಮುಂದೆ ಮೈದುನ ಎಷ್ಟು ಬಗೆಯಲ್ಲಿ ಹೇಳಿದರೂ, ಆಣೆ ಇಟ್ಟರೂ, ಇದನ್ನು ಮಾತ್ರ ನಂಬಲಿಲ್ಲ. ಅಳುವ ಮಗುವನ್ನು ಸಮಾಧಾನಪಡಿಸುವ ಹಾಗೆ ಅವನ ಮಂಡಿ ತಟ್ಟುತ್ತ, "ಆಯ್ತು, ಆಯ್ತು" ಎನ್ನುತ್ತಿದ್ದರು. ಕೊನೆಗೆ ಸುತ್ತಿಗೆಯನ್ನು ಎತ್ತಿ, ಹಿಡಿಯನ್ನು ಅವನ ಕಡೆ ತಿರುಗಿಸಿ ಕೊಟ್ಟರು.

"ನೀನು ಹೊಡಿ. ನಾನು ಹಿಡ್ಕೋತೀನಿ. ಕುರ್ಚಿ ಹೀಗೇ ಬಿಟ್ಟು ಹೋಗೋ ಹಾಗಿಲ್ಲ."

ಅವರು ಕುರ್ಚಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದರು. ಮೈದುನ ಬೆಣೆಯಿಟ್ಟ. ಮೊದಲ ಏಟು ಗಟ್ಟಿಯಾಗಿಬಿಟ್ಟಿತು, ಬೆಣೆಯ ತಲೆ ಸೀಳಿತು. ಯಾರ ಕೈಯಲ್ಲಿ ಇಂಥ ಏಟು ಕಂಡರೂ ಬಯ್ಯುತ್ತಿದ್ದ ಮೇಸ್ತ್ರಿ, ಕಣ್ಣನ್ನು ಸುತ್ತಿಗೆಯ ಮೇಲಿಟ್ಟುಕೊಂಡು ಮುಂದಿನ ಏಟಿಗೆ ಕಾದರು. ಇನ್ನೊಂದು ಬೆಣೆ ಬೇಕೆನ್ನುವಷ್ಟರಲ್ಲಿ ಆರಿಸಿ ಕೈಗಿಟ್ಟರು. ಹೀಗೆ ಮಧ್ಯಾಹ್ನದವರೆಗೆ ಮೂರು ಕುರ್ಚಿಯಾದವು. ಪೆನ್ಸಿಲು ಅವರ ಕಿವಿಯ ಮೇಲೇ ಇತ್ತು. ಅದನ್ನು ಅವರು ತೆಗೆಯಲಿಲ್ಲ, ಮೈದುನ ಕೇಳಲಿಲ್ಲ.

ಊಟದ ಗಂಟೆ ಹೊಡೆಯಿತು. ಮೇಸ್ತ್ರಿ ಏಳದೆ ಅವನನ್ನೇ ನೋಡುತ್ತ ಕೂತರು.

"ಊಟಕ್ಕೆ ಹೋಗ್ಲಾ ಮೇಸ್ತ್ರಿ?"

ಮೈದುನ ಹಿಂತಿರುಗಿ ನೋಡಿದ. ಹಿತ್ತಿಲಿನಲ್ಲಿ ಬೇರಾರೂ ಇರಲಿಲ್ಲ.

"ಹೋಗಿ ಭಾವ, ಉಣ್ಣಿ."

ಮೇಸ್ತ್ರಿ ಕದಲಲಿಲ್ಲ. ಮುಖದಲ್ಲಿ ಅಂಜಿಕೆಯಿತ್ತು, ತಪ್ಪು ಮಾಡಿ ನಿಂತವರಿಗೆ ಇರುವಂಥದ್ದು. "ನನ್ನಿಂದ ಇವತ್ತು ಜಾಸ್ತಿ ಕೆಲಸ ಆಗ್ಲಿಲ್ಲ" ಎಂದರು.

ಅದು ಮೈದುನನಿಗೆ ಗೊತ್ತಿದ್ದ ಮಾತು. ಆ ಮಾತಿಗೆ ಸಿಗಬೇಕಾದ ಉತ್ತರವೂ ಗೊತ್ತಿತ್ತು. ಅವನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಈ ಮನುಷ್ಯನೇ ಅದನ್ನು ಎಷ್ಟೋ ಸಲ ಹೇಳಿದ್ದರು. ಅದನ್ನೇ ಹೇಳಿದ.

"ಆದಷ್ಟು ಆಯ್ತು. ಹೋಗು, ಉಂಡು ಬಾ."

ಮೇಸ್ತ್ರಿ ಎದ್ದು ಹೋದರು. ಕಿಟಕಿಯಿಂದ ಮೈದುನ ನೋಡಿದ. ತಟ್ಟೆಯ ಮೇಲೆ ಬಗ್ಗಿ, ಯಾರೊಡನೆಯೂ ಮಾತಾಡದೆ, ಬೇಗಬೇಗ ಉಣ್ಣುತ್ತಿದ್ದರು.

ನಾಲ್ಕನೆಯ ಕುರ್ಚಿಯನ್ನು ಮೈದುನ ಮರುದಿನಕ್ಕೆ ಉಳಿಸಿದ. ಸಂಜೆ ಬಸ್ಸಿನ ಹೊತ್ತಿಗೆ ಚೀಲವನ್ನು ಮೇಸ್ತ್ರಿಯೇ ಹೆಗಲಿಗೇರಿಸಿಕೊಂಡು ಅವನ ಎರಡು ಹೆಜ್ಜೆ ಹಿಂದೆ ಬಂದರು. ಪಡಸಾಲೆಯಲ್ಲಿ ಕಂಡಕ್ಟರು ಇಬ್ಬರನ್ನೂ ಮುಂದಕ್ಕೆ ಸಾಗಿಸಿದ. ಬೀರುವಿನ ಬಳಿ ನರ್ಸಮ್ಮ ಒಂದೊಂದನ್ನೇ ಎಣಿಸಿ ತೆಗೆದುಕೊಂಡು, ಇಬ್ಬರ ಮುಖವನ್ನೂ ನೋಡಿ, ಬೀಗ ಹಾಕಿದಳು.

"ನಾನು ಇಲ್ಲೇ ಇರ್ಬೇಕಾ?" ಮೇಸ್ತ್ರಿ ಕೇಳಿದರು.

ಮನೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದರೆ, ಬೈದಿದ್ದರೆ, ಮೈದುನನಿಗೆ ಉತ್ತರ ಸಿಗುತ್ತಿತ್ತೋ ಏನೋ. ಅವರು ಅಪ್ಪಣೆ ಕೇಳುತ್ತಿದ್ದರು. ಇಲ್ಲಿ ಒಂದು ಮಾತು ಹೇಳಿದರೆ ಸಾಕಿತ್ತು. ಕಾಲುವೆಯ ಭಯವಿಲ್ಲ, ಬೆಂಚಿಲ್ಲ, ಕಚ್ಚಿದ ಹಲ್ಲಿಲ್ಲ. ಮೇಸ್ತ್ರಿ ಹೇಳದೆ ಆಳು ಕೆಲಸದ ಮನೆ ಬಿಟ್ಟು ಹೋಗುವುದಿಲ್ಲ.

"ಇಲ್ಲೇ ಇರು" ಎಂದ. "ನಾನು ಹೇಳೋ ತನಕ ಇರು. ಹೊತ್ತಿಗೆ ಸರಿಯಾಗಿ ಉಣ್ಣು."

"ಆಯ್ತು ಮೇಸ್ತ್ರಿ."

ಬಸ್ಸಿನಲ್ಲಿ ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತಿದ್ದಾಗ ಮಗಳ ಫೋನು ಬಂತು.

"ಅಪ್ಪ ಉಂಡ್ರಾ ಮಾವ?"

"ಉಂಡ್ರು."

"ಮನೆಗೆ ಹೋಗೋಣ ಅಂತ ಹಟ ಮಾಡಿದ್ರಾ?"

"ಇಲ್ಲ. ಇನ್ನು ಮಾಡಲ್ಲ ಅನ್ಸುತ್ತೆ."

ಅವಳು ಅತ್ತ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಗಿರಣಿಯ ಸದ್ದಿನ ನಡುವೆ ದನಿ ಎತ್ತರಿಸಿ, ಹಾಗಾದರೆ ನೀನು ದಿನಾ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದು ಬೇಡ, ವಾರಕ್ಕೊಂದು ಸಲ ಹೋದರೆ ಸಾಕು, ಸೊಂಟಕ್ಕೆ ಡಾಕ್ಟರನ್ನು ಕಾಣು ಎಂದಳು.

"ನಾಳೆ ಒಂದಿನ ಹೋಗ್ಬೇಕು" ಎಂದ ಮೈದುನ. "ನಾಲ್ಕನೇ ಕುರ್ಚಿ ಒಂದು ಉಳಿದಿದೆ."